ಅಡ್ವೊಕೇಟ್ ಜನರಲ್ ಅವರನ್ನು ಇಳಿಸಿದ ಸಭೆ

ವಕೀಲರ ಗುಮಾಸ್ತನ ಕೆಲಸಕ್ಕೆ ಹೊಸದಾಗಿ ಸೇರಿದವರು ಸಿಕ್ಕರೆ ನಾನು ಮೊದಲು ಅವರ ಚಪ್ಪಲಿ ನೋಡುತ್ತೇನೆ. ಅಟ್ಟೆ ಸವೆದಿರದಿದ್ದರೆ ಇವನು ಇನ್ನೂ ಕೆಲಸ ಶುರು ಮಾಡಿಲ್ಲ ಎಂದು ತಿಳಿದುಕೊಳ್ಳುತ್ತೇನೆ. ಇದು ಕೈಯ ಕೆಲಸ, ಬರವಣಿಗೆಯ ಕೆಲಸ ಎಂದು ಎಲ್ಲರೂ ನಂಬಿದ್ದಾರೆ. ಅಲ್ಲಪ್ಪ, ಇದು ಕಾಲಿನ ಕೆಲಸ. ನಕಲು ತೆಗೆಯುವವರ ಹತ್ತಿರ, ನೋಟೀಸು ಜಾರಿ ಮಾಡುವ ಅಮೀನರ ಹತ್ತಿರ, ಸ್ಟಾಂಪು ಮಾರುವವರ ಹತ್ತಿರ ಓಡಬೇಕು. ಸಾಕ್ಷಿ ಕೈಕೊಟ್ಟರೆ ಅವನ ಅತ್ತೆ ಮನೆಯವರೆಗೂ ಹೋಗಿ, ಅವರು ಕೊಟ್ಟ ಮಜ್ಜಿಗೆ ಕುಡಿದು, ಅವನನ್ನು ಎಬ್ಬಿಸಿಕೊಂಡು ಬರಬೇಕು. ವಕೀಲರು ಕೋರ್ಟಿನಲ್ಲಿ ನಿಂತು ಮಾತಾಡುವುದಕ್ಕೆ ಮೊದಲು ಗುಮಾಸ್ತ ಊರೆಲ್ಲ ಸುತ್ತಿರುತ್ತಾನೆ.

ಬಡ್ತಿಯ ವಿಷಯ ಬರೆಯುವುದಿಲ್ಲ. ಗುಮಾಸ್ತನಿಗೆ ಬಡ್ತಿ ಎಂಬುದೇ ಇಲ್ಲ. ಕೂದಲು ಬೆಳ್ಳಗಾದಾಗ ಜನ ‘ಹಿರೇ ಗುಮಾಸ್ತರು’ ಎನ್ನತೊಡಗುತ್ತಾರೆ, ಅಷ್ಟೆ. ನಾನು ಬರೆಯಬೇಕೆಂದಿರುವುದು ದಾವಣಗೆರೆಯಲ್ಲಿ ನಾನು ಕೆಲಸ ಮಾಡಿದ ವಕೀಲ ಗುರುಶಾಂತಪ್ಪನವರ ವಿಷಯ, ಅದರಲ್ಲೂ ಅವರನ್ನು ಒಂದು ಹುದ್ದೆಯಿಂದ ಕೆಳಗಿಳಿಸಿದ ಸಭೆಯ ವಿಷಯ. ಆ ಸಭೆಯಲ್ಲಿ ಹಿಂದಿನ ಬೆಂಚಿನ ಮೇಲೆ ಕೂತಿದ್ದ ನಾನು ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ನೋಡಿದ್ದೇನೆ. ಈಗ ಆ ಮಾತು ಎತ್ತಿದರೂ ನನ್ನ ದವಡೆ ಬಿಗಿಯುತ್ತದೆ.

ಗುರುಶಾಂತಪ್ಪನವರು ನಂದಿಗುಡಿ ಕಡೆಯ ಒಕ್ಕಲು ಮನೆತನದವರು. ಆ ಮನೆಯಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು ಅದುವರೆಗೆ ಕಕ್ಷಿಗಾರರಾಗಿಯೇ ಹತ್ತಿದ್ದರು, ಕರಿಕೋಟು ಹಾಕಿಕೊಂಡು ಹತ್ತಿದವರು ಇವರೊಬ್ಬರೇ. ನಾನು ಅವರ ಹತ್ತಿರ ಸೇರಿದ ಕಾಲಕ್ಕೆ ದಾವೆಗಳನ್ನೆಲ್ಲ ಕೈಯಲ್ಲೇ ಬರೆಯುತ್ತಿದ್ದೆವು. ಆಮೇಲೆ ಟೈಪು ಮಿಷಿನ್ ಬಂತು. ಅದು ಬಂದ ದಿನ ಗುರುಶಾಂತಪ್ಪನವರು ಅದನ್ನು ಹೊಸ ಎತ್ತು ನೋಡುವ ಹಾಗೆ ಸುತ್ತ ನಡೆದು ನೋಡಿ, ನನ್ನ ಕಡೆ ತಿರುಗಿ, “ಇದಕ್ಕೂ ಹಲ್ಲು ಅದಾವಲ್ಲೋ ಕೊಟ್ರಪ್ಪ” ಎಂದರು. ಏಕೀಕರಣವಾದ ಮೇಲೆ ಇನ್ನೊಂದು ಪೇಚು ಶುರುವಾಯಿತು. ಹರಿಹರದ ಹೊಳೆ ದಾಟಿದರೆ ರಾಣೆಬೆನ್ನೂರು, ಅದುವರೆಗೆ ಮುಂಬಯಿ ಸರ್ಕಾರದ್ದು. ಈ ಕಡೆ ಮೈಸೂರು ಸರ್ಕಾರದ್ದು. ಬೀಗತನ ಮಾಡಿಕೊಂಡವರ ಎರಡು ಮನೆಗೂ ಎರಡು ಕಾನೂನು. ಆ ದಡದವರು ಬಂದು “ನಮ್ಮ ಕಡೆ ಹಿಂಗಿಲ್ಲರೀ” ಎಂದು ವಾದಿಸಿದರೆ, ಗುರುಶಾಂತಪ್ಪನವರು ಎರಡು ಪುಸ್ತಕ ಅಕ್ಕಪಕ್ಕ ತೆರೆದಿಟ್ಟುಕೊಂಡು ಕೂಡುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಅವರು ಯಾವತ್ತೂ ಹೇಳಲಿಲ್ಲ. ವಕೀಲರಲ್ಲಿ ಇದು ಅಪರೂಪದ ಗುಣ ಎಂದು ನನಗೆ ತಿಳಿದದ್ದು ಬೇರೆ ವಕೀಲರನ್ನು ನೋಡಿದ ಮೇಲೆ.

ಹರಿಹರದ ಮುನ್ಸೀಫ್ ಕೋರ್ಟಿನ ಸರಹದ್ದಿನಲ್ಲಿ ಒಂದು ಸಣ್ಣ ಪಟ್ಟಣ. ಹೆಸರು ಬರೆಯುವುದಿಲ್ಲ, ಈ ಕತೆಯಲ್ಲಿ ಬರುವವರ ಮೊಮ್ಮಕ್ಕಳು ಈಗಲೂ ನನ್ನನ್ನು ಕಂಡರೆ ಮಾತಾಡಿಸುತ್ತಾರೆ. ಆ ಪಟ್ಟಣಕ್ಕೊಂದು ಪುರಸಭೆ ಇತ್ತು, ಪುರಸಭೆಗೆ ಒಬ್ಬ ಕಾಯಂ ವಕೀಲರು ಬೇಕಿತ್ತು. ಗುರುಶಾಂತಪ್ಪನವರನ್ನು ಕರೆದರು. ಪುರಸಭೆಯ ದಾವೆ ನಡೆಸುವುದು, ಸಭೆಯ ದಿನ ಬಂದು ಕೂತು ಕಾನೂನಿನ ಸಲಹೆ ಕೊಡುವುದು ಅವರ ಕೆಲಸ. ರಾಜ್ಯ ಸರ್ಕಾರಕ್ಕೆ ಅಡ್ವೊಕೇಟ್ ಜನರಲ್ ಇರುವ ಹಾಗೆ ನಮ್ಮ ಪುರಸಭೆಗೆ ಇವರು ಎಂದು ಯಾರೋ ತಮಾಷೆ ಮಾಡಿದರು. ಅದೇ ಹೆಸರು ನಿಂತಿತು. ಬಸ್ ಇಳಿದರೆ ಚಹಾದಂಗಡಿಯವನು “ಅಡ್ವೊಕೇಟ್ ಜನರಲ್ ಸಾಹೇಬ್ರು ಬಂದ್ರು, ಕೂಡ್ರಿ” ಎನ್ನುತ್ತಿದ್ದ. ಅವರು ಬೇಸರಪಡಲಿಲ್ಲ, ಖುಷಿಯನ್ನೂ ಪಡಲಿಲ್ಲ.

ಪುರಸಭೆಯ ಅಧ್ಯಕ್ಷರು ಮಹಾರುದ್ರಪ್ಪನವರು, ಹತ್ತಿ ವ್ಯಾಪಾರಸ್ಥರು. ದೊಡ್ಡ ರುಮಾಲು, ಕಡಿಮೆ ಮಾತು. ಅವರ ಸಭೆಗಳಲ್ಲಿ ಒಂದು ವಾಡಿಕೆ ಬೆಳೆದಿತ್ತು. ಸದಸ್ಯರು ಕೂಗಾಡಿ ಎಲ್ಲಾದರೂ ಗಂಟು ಬಿದ್ದರೆ, ಅಧ್ಯಕ್ಷರು ತಮ್ಮ ಬಲಗಡೆಯ ಕುರ್ಚಿಯಲ್ಲಿ ಕೂತ ಗುರುಶಾಂತಪ್ಪನವರ ಕಡೆ ತಿರುಗಿ, “ವಕೀಲ್ರೇ, ಹೆಂಗೆ?” ಎನ್ನುವರು. ಇವರು ಒಂದೋ ಎರಡೋ ಮಾತು ಹೇಳುವರು. ಅಲ್ಲಿಗೆ ಚರ್ಚೆ ಬಂದ್. ಬೇರೆ ಪುರಸಭೆಗಳಲ್ಲಿ ಮಂತ್ರಕ್ಕಿಂತ ಉಗುಳೇ ಜಾಸ್ತಿ ಎನ್ನುವ ಹಾಗೆ ಸಭೆ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿ ಸಂಜೆ ದೀಪ ಹಚ್ಚುವುದರೊಳಗೆ ಎಲ್ಲರೂ ಮನೆ ಸೇರುತ್ತಿದ್ದರು.

ಒಂದು ಸಲ ಒಬ್ಬ ಅಗಸನ ಕತ್ತೆಯನ್ನು ಪುರಸಭೆಯ ದೊಡ್ಡಿಗೆ ಕೂಡಿದರು. ದೊಡ್ಡಿ ಇರುವುದು ದನಕ್ಕೆ, ಕತ್ತೆಯನ್ನು ಕೂಡಿದ್ದು ತಪ್ಪು ಎಂದು ಅರ್ಧ ಸಭೆ, ತಪ್ಪಲ್ಲ ಎಂದು ಇನ್ನರ್ಧ. ಅಧ್ಯಕ್ಷರು ತಿರುಗಿದರು.

“ವಕೀಲ್ರೇ, ಹೆಂಗೆ?”

“ಕಾಯ್ದೆದಾಗ ಕತ್ತೆ ಐತೆ. ಕುರಿ, ಹಂದಿನೂ ಅದಾವೆ. ಆನೆನೂ ಐತೆ.”

“ಆನೆ ಹಿಡಕೊಂಡು ಬರೋರು ಯಾರ್ರೀ?” ಎಂದು ಒಬ್ಬರು ನಕ್ಕರು. ಇನ್ನೊಬ್ಬರು, “ಕಂಡೋರ ಹೊಲಕ್ಕೆ ನುಗ್ಗೋ ಮೆಂಬರ್ರನ್ನ ಹಾಕಬೌದಾ?” ಎಂದರು.

“ಅದೊಂದು ಕಾಯ್ದೆದಾಗ ಇಲ್ಲ” ಎಂದರು ಗುರುಶಾಂತಪ್ಪನವರು, ಮುಖದಲ್ಲಿ ನಗೆಯೇ ಇಲ್ಲದೆ.

ಅಧ್ಯಕ್ಷರ ಸ್ವಂತ ಮನೆಯ ಜಗಲಿ ಬೀದಿಗೆ ಚಾಚಿಕೊಂಡಿದೆ ಎಂದು ಒಬ್ಬ ಸದಸ್ಯ ಕುಟುಕಿದಾಗಲೂ ಇದೇ ಆಯಿತು. “ವಕೀಲ್ರೇ, ಹೆಂಗೆ?” ಎಂದರು ಮಹಾರುದ್ರಪ್ಪನವರು. “ಒತ್ತುವರಿ ಐತೆ” ಎಂದರು ಇವರು. ಮರುದಿನ ಬೆಳಿಗ್ಗೆ ಅಧ್ಯಕ್ಷರು ತಾವೇ ಆಳು ನಿಲ್ಲಿಸಿ ಜಗಲಿ ಒಡೆಸಿದರು. ಅವರ ಮೇಲೆ ನನಗೆ ಆಮೇಲೆ ಎಷ್ಟೇ ಸಿಟ್ಟು ಬಂದರೂ ಈ ಮಾತು ಮರೆಯಬಾರದೆಂದು ಇಲ್ಲಿ ಬರೆದಿದ್ದೇನೆ.

ಇಷ್ಟು ಚೆನ್ನಾಗಿದ್ದದ್ದು ಕೆಟ್ಟಿದ್ದು ಒಂದು ಗೋಡೆಯಿಂದ.

ಪಟ್ಟಣದ ಅಂಚಿನಲ್ಲಿ ಬಾವಿ ಓಣಿ ಎಂಬುದೊಂದಿತ್ತು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಗೆ ಹೋಗುವ ಕೂಲಿಗಳು, ಮಂಡಕ್ಕಿ ಭಟ್ಟಿಯವರು ಅಲ್ಲಿ ವಾಸ. ಓಣಿಯ ತುದಿಯಲ್ಲಿ ಸೇದುವ ಬಾವಿ. ಆ ಕಡೆಗೆಲ್ಲ ಸಿಹಿನೀರು ಅದೊಂದೇ. ಓಣಿಗೆ ಹೊಂದಿಕೊಂಡು ಒಂದು ಜಿನ್ನು ಇತ್ತು. ಅದರ ಮಾಲೀಕರು ಹತ್ತಿಯ ಅಂಡಿಗೆ ಇಡಲು ಜಾಗ ಸಾಲದೆಂದು ಓಣಿಗೆ ಅಡ್ಡಲಾಗಿ ಗೋಡೆ ಎಬ್ಬಿಸಿಬಿಟ್ಟರು. ಬಾವಿ ಗೋಡೆಯಾಚೆ ಉಳಿಯಿತು, ಹೆಂಗಸರು ಈಚೆ ಉಳಿದರು. ಜನ ಪುರಸಭೆಯ ಮುಂದೆ ಬಂದು ಕೂತರು. ಗೋಡೆ ತೆಗೆಸಿಕೊಡಿ ಎಂದು ಪುರಸಭೆ ಹರಿಹರದ ಕೋರ್ಟಿನಲ್ಲಿ ದಾವೆ ಹೂಡಿತು. ನಡೆಸುವವರು ಗುರುಶಾಂತಪ್ಪನವರು.

ದಾವೆ ಅರ್ಧ ನಡೆದಿತ್ತು. ಅಷ್ಟರಲ್ಲಿ ಮಹಾರುದ್ರಪ್ಪನವರ ಮಗಳನ್ನು ಆ ಜಿನ್ನಿನ ಮಾಲೀಕರ ಮಗನಿಗೆ ಕೊಟ್ಟರು. ಮದುವೆಯ ಊಟವನ್ನು ನಾನೂ ಉಂಡಿದ್ದೇನೆ, ಹೋಳಿಗೆ ಚೆನ್ನಾಗಿತ್ತು. ಆದರೆ ಮದುವೆಯಾಗಿ ಒಂದು ತಿಂಗಳು ತುಂಬುವುದರೊಳಗೆ ಅಧ್ಯಕ್ಷರು ದಾವಣಗೆರೆಯ ನಮ್ಮ ಆಫೀಸಿಗೆ ಬಂದರು. ನಾನು ನೀರು ತಂದಿಟ್ಟು ಬಾಗಿಲ ಹತ್ತಿರ ನಿಂತೆ.

“ವಕೀಲ್ರೇ, ಆ ಓಣಿ ದಾವೆ ರಾಜಿ ಮಾಡಿಬಿಡ್ರಿ. ಬೀಗರು ಬ್ಯಾರೆ ಕಡೆ ಬಾವಿ ತೋಡಿಸಿ ಕೊಡ್ತಾರಂತೆ.”

“ತೋಡಿಸ್ಲಿ. ನೀರು ಸಿಹಿ ಬಿದ್ದ ಮ್ಯಾಲೆ ಮಾತಾಡೋಣ” ಎಂದರು ಗುರುಶಾಂತಪ್ಪನವರು.

“ಅಷ್ಟು ದಿನ ಕಾಯಾಕಾಗಲ್ಲ. ಮಗಳು ಆ ಮನ್ಯಾಗೆ ಅದಾಳೆ. ದಿನಾ ಒಂದು ಮಾತು ಕೇಳ್ತಾಳೆ.”

ಆ ಮಾತು ಹೇಳುವಾಗ ಅವರ ದನಿ ಕುಗ್ಗಿತ್ತು. ನನಗೂ ಅಯ್ಯೋ ಅನ್ನಿಸಿತು. ಆದರೆ ಗುರುಶಾಂತಪ್ಪನವರು ಅಡ್ಡಡ್ಡ ತಲೆಯಾಡಿಸಿದರು.

“ಮಗಳ ಕಷ್ಟ ನಂಗೆ ಅರ್ಥ ಆಗತೈತಿ. ಆದರೆ ಓಣಿ ನಿಮ್ದಲ್ಲ, ಮುನಿಸಿಪಾಲ್ಟಿದೂ ಅಲ್ಲ. ಊರಿಂದು. ನಾವು ಬೇಲಿ ಇದ್ದಂಗೆ. ಬೇಲಿನೇ ಎದ್ದು ಹೊಲ ಮೇಯಬಾರ್ದು.”

ಮಹಾರುದ್ರಪ್ಪನವರು ನೀರು ಕುಡಿಯದೆ ಎದ್ದು ಹೋದರು. ಅವರು ಬಿಟ್ಟು ಹೋದ ಲೋಟ ನೋಡಿದಾಗಲೇ ಇದು ಇಲ್ಲಿಗೆ ಮುಗಿಯುವುದಿಲ್ಲ ಎಂದು ನನಗೆ ಗೊತ್ತಾಯಿತು.

ಮುಗಿಯಲಿಲ್ಲ. ಸ್ವಲ್ಪ ದಿನಕ್ಕೆ ಪುರಸಭೆಯ ವಿಶೇಷ ಸಭೆ ಕರೆದರು. ವಕೀಲರ ಮೇಲೆ ಆರೋಪಗಳಿವೆ, ಸಭೆಯ ಮುಂದೆ ಬಂದು ಉತ್ತರ ಕೊಡಬೇಕು, ಆಮೇಲೆ ಸದಸ್ಯರು ಕೈಯೆತ್ತಿ ಇರಿಸುವುದೋ ತೆಗೆಯುವುದೋ ತೀರ್ಮಾನಿಸುತ್ತಾರೆ ಎಂದು ನೋಟೀಸು ಬಂತು. ಸಭೆಯಾದ ಮಾರನೆಯ ವಾರವೇ ಹರಿಹರದಲ್ಲಿ ಓಣಿಯ ದಾವೆಯ ಕೊನೆಯ ವಿಚಾರಣೆ. ಲೆಕ್ಕಾಚಾರ ಕುರುಡನಿಗೂ ಕಾಣುವಂತಿತ್ತು. ಇವರನ್ನು ಅಷ್ಟರೊಳಗೆ ತೆಗೆದರೆ ಹೊಸ ವಕೀಲರು ಬಂದು ರಾಜಿ ಅರ್ಜಿ ಹಾಕುತ್ತಾರೆ. ಗೋಡೆ ನಿಲ್ಲುತ್ತದೆ, ಬಾವಿ ಜಿನ್ನಿನ ಪಾಲಾಗುತ್ತದೆ. ಸಭೆ ಒಂದು ಹದಿನೈದು ದಿನ ಮುಂದಕ್ಕೆ ಹೋದರೆ ಸಾಕು, ಬಾವಿ ಉಳಿಯುತ್ತದೆ. ನಾನು ಚಪ್ಪಲಿ ಮೆಟ್ಟಿದೆ.

ಗುಮಾಸ್ತರ ಕೆಲಸಕ್ಕೆ ಬಂದವರು ಈ ಮಾತು ಕಿವಿಯಲ್ಲಿಟ್ಟುಕೊಳ್ಳಿ. ಎದುರಾಳಿ ಏನು ಬರೆದಿದ್ದಾನೆ ಎಂಬುದನ್ನು ವಕೀಲರು ನೋಡಿಕೊಳ್ಳುತ್ತಾರೆ. ಅದು ಯಾರಿಗೆ ಯಾವಾಗ ಮುಟ್ಟಿತು ಎಂಬುದನ್ನು ನೋಡಬೇಕಾದವರು ನೀವು. ನಾನು ಪುರಸಭೆಯ ಜವಾನನನ್ನು ಚಹಾದಂಗಡಿಯಲ್ಲಿ ಹಿಡಿದು ಮಾತಿಗೆಳೆದೆ. ಎಲ್ಲ ಸದಸ್ಯರಿಗೂ ನೋಟೀಸು ಹೊತ್ತಿಗೆ ಸರಿಯಾಗಿ ಮುಟ್ಟಿತ್ತು, ಒಬ್ಬರನ್ನು ಬಿಟ್ಟು. ಅವರು ಮೈಲಾರಪ್ಪ, ಗುರುಶಾಂತಪ್ಪನವರೆಂದರೆ ಪ್ರಾಣ ಬಿಡುವವರು. ಭತ್ತದ ಕೊಯ್ಲಿಗೆಂದು ನಂದಿಗುಡಿಯ ತಂಗಿಯ ಮನೆಗೆ ಹೋಗಿದ್ದರು. ಅವರ ಮನೆಗೆ ಬೀಗ. ಜವಾನ ಸೋಮಾರಿತನ ಮಾಡಿ, ಕಾಯ್ದೆ ಹೇಳಿದ ಗಡುವು ದಾಟಿದ ಮೇಲೆ ಬಾಗಿಲಿಗೆ ನೋಟೀಸು ಅಂಟಿಸಿ ಬಂದಿದ್ದ.

ಓಡಿ ಬಂದು ಗುರುಶಾಂತಪ್ಪನವರಿಗೆ ಹೇಳಿದೆ. ಅವರು ಪುಸ್ತಕ ತೆಗೆದು ನೋಡಿದರು.

“ಮೈಲಾರಪ್ಪ ಸಭೆಗೆ ಬರದಿದ್ರೆ ಸಭೆ ಅಕ್ರಮ. ಮತ್ತೆ ಹೊಸದಾಗಿ ನೋಟೀಸು ಕೊಟ್ಟು ಕರೀಬೇಕಾಗತೈತಿ.”

“ಮತ್ತಿನ್ನೇನ್ರಿ! ಗೆದ್ವಿ!”

“ಗೆಲ್ಲೋದು ಸೋಲೋದು ಆಮ್ಯಾಲೆ. ಆತನಿಗೆ ಬಾ ಅಂತ ನಾನು ಹೇಳಂಗಿಲ್ಲ, ಬರಬ್ಯಾಡ ಅಂತಾನೂ ಹೇಳಂಗಿಲ್ಲ.”

ಅವರು ಹೇಳದಿದ್ದರೆ ನಾನು ಹೇಳಬಾರದೆಂದು ಎಲ್ಲಿದೆ? ನಂದಿಗುಡಿಯ ಬಸ್ ಹತ್ತಿದೆ. ಮೈಲಾರಪ್ಪ ಕಣದಲ್ಲಿ ಕಲ್ಲಿಗೆ ಭತ್ತದ ಸೂಡು ಬಡಿಯುತ್ತಿದ್ದರು. ಅವರನ್ನು ನೆರಳಿಗೆ ಕರೆದು ಎಲ್ಲ ಬಿಡಿಸಿ ಹೇಳಿದೆ. ವಕೀಲರ ಮೇಲೆ ಸಭೆ ಕರೆದಿದ್ದಾರೆ ಎಂದ ಕೂಡಲೆ ಅವರ ಕಣ್ಣು ಕೆಂಪಾದವು.

“ನೀವು ಇಲ್ಲೇ ಇರ್ರಿ ಯಜಮಾನ್ರೇ. ಸಭೆ ದಿನ ಆ ಊರ ಕಡೆ ತಲೆ ಹಾಕಬ್ಯಾಡ್ರಿ. ನೀವು ಬರದೇ ಇರೋದೇ ದೊಡ್ಡ ಉಪಕಾರ.”

“ಆತು ಬಿಡು ಕೊಟ್ರಪ್ಪ. ನೀ ಹೇಳಿದಂಗೇ” ಎಂದರು. ಅವರ ತಂಗಿ ರೊಟ್ಟಿ ಪುಂಡಿಪಲ್ಯ ಬಡಿಸಿದರು. ಹೊಟ್ಟೆ ತುಂಬ ಉಂಡು, ಕೆಲಸ ಆಯಿತೆಂಬ ನೆಮ್ಮದಿಯಲ್ಲಿ ಬಸ್ಸಿನಲ್ಲಿ ನಿದ್ದೆ ಹೊಡೆದೆ.

ಸಭೆಯ ದಿನ ಪುರಸಭೆಯ ಸಭಾಂಗಣ ತುಂಬಿತ್ತು. ಬಾವಿ ಓಣಿಯ ಹೆಂಗಸರು ಕಿಟಕಿಯಾಚೆ ನಿಂತಿದ್ದರು. ಅಧ್ಯಕ್ಷರ ಬಲಗಡೆಯ ಕುರ್ಚಿಯನ್ನು ಖಾಲಿ ಬಿಟ್ಟಿದ್ದರು. ಗುರುಶಾಂತಪ್ಪನವರಿಗೆ ಎಲ್ಲರ ಎದುರಿಗೆ, ನಡುವೆ ಒಂದು ಬೇರೆ ಕುರ್ಚಿ. ಅವರು ಕರಿಕೋಟಿನ ಗುಂಡಿ ಹಾಕಿಕೊಂಡು ಅದರಲ್ಲಿ ನೆಟ್ಟಗೆ ಕೂತರು. ನಾನು ಸದಸ್ಯರ ಸಾಲನ್ನು ಕಣ್ಣಿನಲ್ಲೇ ತಡಕಿದೆ. ಮೈಲಾರಪ್ಪ ಇಲ್ಲ. ನಮ್ಮ ಕಡೆಯ ಇನ್ನೊಬ್ಬ ಸದಸ್ಯರಿಗೆ, ಗಲಾಟೆ ತಣ್ಣಗಾದ ಕೂಡಲೆ ಎದ್ದು ನೋಟೀಸಿನ ಆಕ್ಷೇಪ ಎತ್ತಿರಿ ಎಂದು ಹೇಳಿಟ್ಟಿದ್ದೆ. ಅವರು ಕೆಮ್ಮಿ ಏಳುವುದರಲ್ಲಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು. ಮೈಲಾರಪ್ಪ! ಹೊಸ ರುಮಾಲು ಸುತ್ತಿ, ಅಂಗಿಗೆ ಅಂಟಿದ ಭತ್ತದ ಹೊಟ್ಟನ್ನೂ ಕೊಡವದೆ, ಏದುಸಿರು ಬಿಡುತ್ತಾ ಒಳಗೆ ನುಗ್ಗಿ ತಮ್ಮ ಕುರ್ಚಿಯಲ್ಲಿ ಧೊಪ್ಪನೆ ಕೂತರು. ನನ್ನ ಕಡೆ ನೋಡಿ ಗೆದ್ದವರ ಹಾಗೆ ನಕ್ಕರು. ಏಳುವುದರಲ್ಲಿದ್ದ ಸದಸ್ಯರು ಮತ್ತೆ ಕೂತುಬಿಟ್ಟರು.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಅವರು ಎದ್ದು ಮೇಜು ಗುದ್ದಿದರು.

“ನಂಗೆ ನೋಟೀಸು ತಡ ಆಗಿ ಮುಟ್ಟೈತೆ! ಈ ಸಭೆ ನಡೀಬಾರ್ದು! ಗುರುಶಾಂತಪ್ಪನೋರನ್ನ ತೆಗಿಯೋ ಹೊತ್ನಾಗೆ ನಾನು ಕಣದಾಗ ಭತ್ತ ಬಡೀತಾ ಕುಂದರ್ಲಾ?”

ಕೂಗಾಟ ಎದ್ದಿತು. ತಡವಾದರೆ ಸಭೆ ಇಲ್ಲ ಎಂದು ಕೆಲವರು, ಬಂದಿದ್ದಾನಲ್ಲ, ಇನ್ನೇನು ಎಂದು ಕೆಲವರು. ಮಹಾರುದ್ರಪ್ಪನವರು ಮೇಜಿನ ಗಂಟೆ ಬಡಿದರು. ಯಾರೂ ಕೇಳಲಿಲ್ಲ. ಆಗ ಅವರು, ಅಷ್ಟು ವರ್ಷದ ಅಭ್ಯಾಸಬಲದಿಂದ, ಬಲಗಡೆಗೆ ತಿರುಗಿ “ವಕೀಲ್ರೇ, ಹೆಂಗೆ?” ಎಂದುಬಿಟ್ಟರು.

ಬಲಗಡೆಯ ಕುರ್ಚಿ ಖಾಲಿ ಇತ್ತು. ಅವರ ಕಣ್ಣು ಮೆಲ್ಲಗೆ ನಡುವಿನ ಕುರ್ಚಿಗೆ ಬಂತು. ಕೂಗುತ್ತಿದ್ದವರೆಲ್ಲ ಆ ಕಡೆಗೇ ತಿರುಗಿದರು. ಆರೋಪ ಹೊತ್ತು ಕೂತವರನ್ನೇ, ಅವರ ಮೇಲಿನ ಸಭೆ ನಡೆಯಬಹುದೇ ಎಂದು ಕೇಳಿದ್ದರು. ‘ಅಕ್ರಮ’ ಎಂಬ ಒಂದು ಮಾತು ಸಾಕಿತ್ತು. ಆ ಸಭಾಂಗಣದಲ್ಲಿ ಅವರ ಮಾತು ತೆಗೆದುಹಾಕುವಷ್ಟು ಕಾನೂನು ಬಲ್ಲವರು ಯಾರೂ ಇರಲಿಲ್ಲ. ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ: ಅನ್ರಿ, ಅಂದುಬಿಡ್ರಿ!

ಗುರುಶಾಂತಪ್ಪನವರು ಎದ್ದು ನಿಂತರು.

“ಮೈಲಾರಪ್ಪನವರಿಗೆ ನೋಟೀಸು ತಡ ಆಗಿ ಮುಟ್ಟೈತೆ, ಅದು ಖರೆ. ಆದರೆ ನೋಟೀಸು ಇರೋದು ಮನುಷ್ಯಾ ಬರ್ಲಿ ಅಂತ. ಅವರು ಬಂದು ಕುಂತಾರೆ. ಬಂದ ಮ್ಯಾಲೆ ತಡದ ಮಾತು ಉಳಿಯಂಗಿಲ್ಲ. ಸಭೆ ಸಕ್ರಮ ಐತೆ. ನಡೆಸ್ರಿ.”

ಹೇಳಿ ಕೂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಬಾಯಿಗೆ ಬಂದ ತುತ್ತನ್ನು ಅವರೇ ತೆಗೆದು ತಟ್ಟೆಗೆ ಇಟ್ಟಿದ್ದರು. ನನಗೆ ಅವರ ಮೇಲೆ ಬಂದ ಸಿಟ್ಟು ಆವತ್ತು ಅಧ್ಯಕ್ಷರ ಮೇಲೂ ಬರಲಿಲ್ಲ.

ಒಬ್ಬರು ಆರೋಪಗಳನ್ನು ಓದಿದರು. ಬಾವಿ ಓಣಿಯ ಹೆಂಗಸರ ಜೊತೆ ಅಪ್ಪಣೆಯಿಲ್ಲದೆ ಮಾತಾಡಿದ್ದು ಒಂದು.

“ಸಾಕ್ಷಿಗಳ ಜೊತೆ ಮಾತಾಡದೆ ದಾವೆ ನಡೆಸೋ ವಿದ್ಯೆ ನಂಗೆ ಬರಂಗಿಲ್ಲ” ಎಂದರು ಗುರುಶಾಂತಪ್ಪನವರು.

ರಾಜಿ ಮಾಡಿಕೊಳ್ಳೆಂದರೂ ಒಪ್ಪದಿದ್ದದ್ದು ಇನ್ನೊಂದು.

“ಒಪ್ಪಲಿಲ್ಲ. ಇವತ್ತೂ ಒಪ್ಪಂಗಿಲ್ಲ. ಕಾವಲಿಗೆ ಇದ್ದೋನು ಹೊಲ ಮಾರಂಗಿಲ್ಲ.”

ಅಧ್ಯಕ್ಷರಿಗೆ ಅವಮಾನವಾಗುವಂತೆ, ಬೇಲಿ ಎದ್ದು ಹೊಲ ಮೇಯಬಾರದು ಎಂದದ್ದು ಕೊನೆಯದು.

“ಅಂದೀನಿ. ಆದರೆ ಗಾದೆ ನಂದಲ್ಲ, ಊರಿಂದು.”

ಕಿಟಕಿಯಾಚೆ ಹೆಂಗಸರು ನಕ್ಕರು. ಒಳಗೆ ಯಾರೂ ನಗಲಿಲ್ಲ. ಕೈಯೆತ್ತಲು ಹೇಳಿದರು. ತೆಗೆಯಬಾರದು ಎಂದವರಲ್ಲಿ ಮೈಲಾರಪ್ಪ ಎರಡೂ ಕೈ ಎತ್ತಿ ನಿಂತರು, ಎಣಿಸುವವರು ಒಂದನ್ನು ಇಳಿಸಿರಿ ಎನ್ನಬೇಕಾಯಿತು. ಎರಡನ್ನೂ ಎಣಿಸಿದ್ದರೂ ಸಾಲುತ್ತಿರಲಿಲ್ಲ. ನಮ್ಮ ಅಡ್ವೊಕೇಟ್ ಜನರಲ್ ಇಳಿದರು. ಪುರಸಭೆಯ ಕಾನೂನು ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ಅಧ್ಯಕ್ಷರಿಗೂ ಸಭೆಗೂ ಕೈಮುಗಿದು ಹೊರಗೆ ಬಂದರು. ಮೈಲಾರಪ್ಪ ಮೆಟ್ಟಿಲ ಮೇಲೆ ಕೂತು ಹೊಸ ರುಮಾಲಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು. “ನಾನೇ ಕೆಡಿಸಿದ್ನೇನ್ರಿ?” ಎಂದು ಕೇಳಿದರು.

“ನೀನು ಬಂದದ್ದು ನಂಗೆ ಭಾಳ ಸಂತೋಷ ಆತು ಮೈಲಾರಪ್ಪ. ಏಳು, ಭತ್ತ ಹಂಗೇ ಬಿಟ್ಟು ಬಂದೀಯ” ಎಂದು ಅವರ ಹೆಗಲು ತಟ್ಟಿದರು.

ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. ಗುಮಾಸ್ತ ವಕೀಲರ ಎದುರು ಆಡಬಾರದ ಮಾತನ್ನೆಲ್ಲ ಆಡಿದೆ. ನಿಮ್ಮ ಸತ್ಯಕ್ಕೆ ಓಣಿಯವರ ನೀರು ಹೋಯಿತಲ್ಲ ಎಂದೆ. ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು.

“ಅವರು ನನ್ನ ಕೇಳಿದ್ರು ಕೊಟ್ರಪ್ಪ. ಕುತ್ತಿಗೆ ಕೊಯ್ಯೋಕೆ ಕುಂತೋರು, ಕತ್ತಿ ಸರಿ ಐತಾ ಅಂತ ನನ್ನೇ ಕೇಳಿದ್ರು. ಅಷ್ಟು ನಂಬಿದೋರಿಗೆ ಸುಳ್ಳು ಹೇಳಾಕೆ ಬಾಯಿ ಬರಲಿಲ್ಲ ನೋಡು.” ಆಮೇಲೆ, “ನೀರು ಇನ್ನೂ ಹೋಗಿಲ್ಲ. ನಾನು ಅವರ ಉಪ್ಪು ತಿಂದೋನು, ಆ ದಾವೆದಾಗೆ ಇನ್ನ ನಿಲ್ಲಂಗಿಲ್ಲ. ಆದರೆ ಊರೋರು ತಮ್ಮ ಹಕ್ಕಿಗೆ ತಾವೇ ಕೋರ್ಟಿಗೆ ಬರಬೌದು. ಇದೇನು ಗುಟ್ಟಲ್ಲ, ಎಲ್ಲಾ ಪುಸ್ತಕದಾಗೂ ಐತೆ” ಎಂದರು.

ಅದನ್ನು ಕೇಳಿದ ಮೇಲೆ ನಾನು ದಾವಣಗೆರೆಯವರೆಗೂ ಮನಸ್ಸಿನಲ್ಲಿ ದಾರಿ ಹಾಕುತ್ತಿದ್ದೆ.

ಮರುದಿನ ಬಾವಿ ಓಣಿಗೆ ಹೋದೆ. ಅಲ್ಲಿ ಕೆಂಚಮ್ಮ ಎಂಬಾಕೆ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ಓಣಿಗೆಲ್ಲ ಅವಳ ಬಾಯೇ ಬಾಯಿ. “ವಕೀಲ್ರನ್ನ ತೆಗೆದ್ರಂತಲ್ಲೋ ಯಪ್ಪಾ, ನಾವಿನ್ನ ಯಾರ ಮನಿ ಬಾಗ್ಲಿಗೆ ಹೋಗಾನ?” ಎಂದಳು.

“ಯಾರ ಬಾಗ್ಲಿಗೂ ಬ್ಯಾಡವ್ವ. ನೀವೇ ಹರಿಹರಕ್ಕೆ ಬರ್ರಿ. ನಮ್ಮನ್ನೂ ದಾವೆದಾಗೆ ಸೇರಿಸಿಕೊಳ್ರಿ ಅಂತ ಕೇಳ್ರಿ.”

“ಕೋರ್ಟಿಗಾ? ಗೆದ್ದೋನು ಸೋತ, ಸೋತೋನು ಸತ್ತ ಅಂತಾರೆ.”

“ನೀರಿಲ್ಲದೆ ಹೆಂಗೂ ಸಾಯ್ತೀರಲ್ಲ, ಒಂದ್ಸಲ ಕೇಳಿ ಸಾಯ್ರಿ” ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಗುಮಾಸ್ತನ ಬಾಯಿ ವಕೀಲ್ರಿಗಿಂತ ಜೋರೈತೆ” ಎಂದು ಸೆರಗು ಬಿಗಿದಳು.

ಹರಿಹರದಲ್ಲಿ ಒಬ್ಬ ಕಿರಿಯ ವಕೀಲರಿದ್ದರು, ಕೋಟು ಹೊಸದು, ಕಕ್ಷಿಗಾರರು ಕಡಿಮೆ. ಅವರಿಗೆ ವಿಷಯ ಹೇಳಿದೆ. ವಿಚಾರಣೆಯ ದಿನ ಪುರಸಭೆಯ ಹೊಸ ವಕೀಲರು ರಾಜಿ ಅರ್ಜಿ ಮುಂದಿಟ್ಟರು. ಕಿರಿಯ ವಕೀಲರು ಎದ್ದು ಓಣಿಯವರ ಅರ್ಜಿ ಕೊಟ್ಟರು. ವರಾಂಡದ ತುಂಬ ಹೆಂಗಸರು, ಸೊಂಟದಲ್ಲಿ ಖಾಲಿ ಕೊಡ. ಕೊಡ ತನ್ನಿ ಎಂದು ನಾನೇನೂ ಹೇಳಿರಲಿಲ್ಲ. ಹೋಗುವಾಗ ಹೊಳೆಯ ನೀರನ್ನಾದರೂ ತುಂಬಿಕೊಂಡು ಹೋಗೋಣ ಎಂದು ತಂದಿದ್ದರು. ಮುನ್ಸೀಫರು ಕೆಂಚಮ್ಮನನ್ನು ಕರೆದು, ಬೇರೆ ಬಾವಿ ತೋಡಿಸಿ ಕೊಟ್ಟಿದ್ದಾರಂತೆ, ಸಾಲದೇ ಎಂದು ಕೇಳಿದರು.

“ತೋಡ್ಯಾರ ಸ್ವಾಮಿ. ಆ ನೀರಿಗೆ ಬ್ಯಾಳೆ ಬೇಯಂಗಿಲ್ಲ. ಬೇಕಾರೆ ನಿಮ್ಮ ಮನ್ಯಾಗ ಒಂದಿನ ಬೇಯಿಸಿ ನೋಡ್ರಿ.”

ಮುನ್ಸೀಫರು ಮನೆಯಲ್ಲಿ ಬೇಯಿಸಿ ನೋಡಲಿಲ್ಲ, ಸ್ಥಳ ನೋಡಲು ಬಂದರು. ರಾಜಿ ಅರ್ಜಿ ಬಿದ್ದುಹೋಯಿತು. ದಾವೆ ಪೂರಾ ನಡೆಯಿತು, ಮೇಲಿನ ಕೋರ್ಟಿಗೂ ಹೋಗಿ ಬಂತು. ಕೊನೆಗೆ ಗೋಡೆ ಒಡೆದ ದಿನ ನಾನು ಅಲ್ಲಿಗೆ ಹೋಗಿದ್ದೆ. ಗುರುಶಾಂತಪ್ಪನವರು ಬರಲಿಲ್ಲ. ದಾವಣಗೆರೆಯಲ್ಲಿ ಬೇರೆ ಕೇಸಿತ್ತು ಎಂದರು. ಇತ್ತೋ ಇಲ್ಲವೋ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಇರಲಿಲ್ಲ.

ಆ ಹುದ್ದೆ ಅವರಿಗೆ ಮತ್ತೆ ಸಿಗಲಿಲ್ಲ. ‘ಮುನಿಸಿಪಾಲ್ಟಿಯಿಂದ ತೆಗೆದುಹಾಕಿದ ವಕೀಲರು’ ಎಂಬ ಮಾತು ಕೆಲವು ವರ್ಷ ಅವರ ಬೆನ್ನಿಗಿತ್ತು. ಕಕ್ಷಿಗಾರರು ಕಡಿಮೆಯಾದದ್ದು ನಿಜ, ಅವರು ಅದನ್ನು ಹೊಟ್ಟೆಗೆ ಹಾಕಿಕೊಂಡದ್ದೂ ನಿಜ. ಒಮ್ಮೆ ಮಾತ್ರ, ಆ ಊರಿನ ಬಸ್ಸು ಎದುರಿಗೆ ಹೋದಾಗ, “ಆ ಬಲಗಡೆ ಕುರ್ಚಿ ಮ್ಯಾಲೆ ಈಗ ಯಾರು ಕೂಡ್ತಾರೋ ಕೊಟ್ರಪ್ಪ” ಎಂದಿದ್ದರು.

ವರ್ಷಗಳು ಕಳೆದವು. ಅರವತ್ತರ ದಶಕದ ನಡುವೆ ಒಂದು ಬೆಳಿಗ್ಗೆ ನಾನು ಆಫೀಸಿನ ಬಾಗಿಲು ತೆಗೆಯುವಾಗ ಮೆಟ್ಟಿಲ ಹತ್ತಿರ ದೊಡ್ಡ ರುಮಾಲಿನವರೊಬ್ಬರು ಕೊಡೆ ಹಿಡಿದು ನಿಂತಿದ್ದರು. ಮಹಾರುದ್ರಪ್ಪನವರು. ಸೊರಗಿದ್ದರು. ಅವರ ಮೇಲೆ ಸ್ವಂತ ಕಡೆಯವರೇ ಅವಿಶ್ವಾಸ ತಂದಿದ್ದಾರೆಂದು ಪೇಟೆಯಲ್ಲೆಲ್ಲ ಗುಲ್ಲಿತ್ತು.

“ವಕೀಲ್ರು ಅದಾರಾ?”

ಒಳಗೆ ಕರೆಯುವುದು ಬಿಟ್ಟು, ಹೊರಗಿನ ಬೆಂಚು ತೋರಿಸಿದೆ. “ಸ್ನಾನ ಪೂಜೆ ಮುಗೀಬೇಕು. ಕೂಡ್ರಿ, ಸರತಿ ಐತೆ.” ಆ ಬೆಂಚಿನ ಮೇಲೆ ಆಗಲೇ ಕೆಂಚಮ್ಮ ಕೂತಿದ್ದಳು, ಮಗನ ಮನೆಪಟ್ಟಾದ ವಿಷಯಕ್ಕೆ ಬಂದಿದ್ದಳು. ಅವರನ್ನು ನೋಡಿ ಎದ್ದಳು. ಏಳಬೇಡ ಎಂದು ನಾನು ಸನ್ನೆ ಮಾಡಿದೆ. ಅವಳು ನನ್ನ ಸನ್ನೆಗೆ ಕಿಮ್ಮತ್ತು ಕೊಡದೆ, ಸೆರಗಿನಿಂದ ಬೆಂಚು ಒರೆಸಿ, “ಕೂಡ್ರಿ ಯಜಮಾನ್ರೇ. ದೂರದಿಂದ ಬಂದೀರಿ” ಎಂದಳು. ಅವರು ಅವಳ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಅವಳು ಗಂಟು ಬಿಚ್ಚಿ ಮಂಡಕ್ಕಿ ತೆಗೆದು ನಡುವೆ ಇಟ್ಟಳು. ಅವರು ಒಂದು ಹಿಡಿ ತೆಗೆದುಕೊಂಡರು.

ಗುರುಶಾಂತಪ್ಪನವರು ಬಂದು ಕೂತ ಮೇಲೆ ಕೆಂಚಮ್ಮನೇ, “ಅವರನ್ನ ಮೊದಲು ಕಳಿಸಪ್ಪ” ಎಂದಳು. ಒಳಗೆ ಮಹಾರುದ್ರಪ್ಪನವರು ಕುರ್ಚಿಯ ತುದಿಯಲ್ಲಿ ಕೂತು, ಅವಿಶ್ವಾಸದ ನೋಟೀಸನ್ನು ಮೇಜಿನ ಮೇಲಿಟ್ಟರು.

“ನಿಮ್ಮ ಹತ್ರ ಬರೋ ಮುಖ ಇಲ್ಲ ನಂಗೆ. ಇಬ್ಬರು ವಕೀಲ್ರನ್ನ ಕೇಳಿದೆ. ಇಬ್ಬರೂ ಇದು ನಿಲ್ಲಂಗಿಲ್ಲ, ನೀವೇ ಗೆಲ್ತೀರಿ ಅಂದ್ರು. ನಂಬಿಕೆ ಬರವಲ್ದು.” ಆಮೇಲೆ ಆ ಹಳೆಯ ಮಾತೇ ಬಾಯಿಗೆ ಬಂತು: “ವಕೀಲ್ರೇ, ಹೆಂಗೆ?”

ಗುರುಶಾಂತಪ್ಪನವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ನೋಟೀಸಿನಲ್ಲಿ ಲೋಪವೇನಾದರೂ ಇದೆಯೇ ಎಂದು ಪುಸ್ತಕ ತೆಗೆದೂ ನೋಡಿದರು. ತಮ್ಮನ್ನು ತೆಗೆದವರಿಗೆ ಒಂದು ದಾರಿ ಸಿಕ್ಕೀತೇ ಎಂದು ಅವರು ನಿಜವಾಗಿಯೂ ಹುಡುಕಿದರು, ಇದಕ್ಕೆ ನಾನು ಸಾಕ್ಷಿ.

“ಸಕ್ರಮ ಐತೆ ಯಜಮಾನ್ರೇ” ಎಂದರು ಕೊನೆಗೆ.

ಮಹಾರುದ್ರಪ್ಪನವರು ತಲೆಯಾಡಿಸಿದರು. ಬೇರೆ ಉತ್ತರಕ್ಕೆ ಬಂದವರ ಹಾಗೆ ಕಾಣಲಿಲ್ಲ. ಮೇಜಿನ ಮೇಲೆ ನಾನು ತಂದಿಟ್ಟಿದ್ದ ನೀರನ್ನು ಎತ್ತಿ, ಲೋಟ ಖಾಲಿಯಾಗುವವರೆಗೂ ಕುಡಿದರು. “ಹಂಗಾರೆ ನಾನೇ ಇಳೀತೀನಿ” ಎಂದು ಎದ್ದು, ಬಾಗಿಲ ಹತ್ತಿರ ನಿಂತರು.

“ಅವತ್ತು ನೀವು ಅಕ್ರಮ ಅಂದಿದ್ರೆ ನಾನು ಸಭೆ ಮುಂದಕ್ಕೆ ಹಾಕ್ತಿದ್ದೆ ವಕೀಲ್ರೇ.”

“ಗೊತ್ತಿತ್ತು” ಎಂದರು ಗುರುಶಾಂತಪ್ಪನವರು. “ಆದರೆ ಇವತ್ತು ನೀವು ಇಲ್ಲಿಗೆ ಬರ್ತಿರಲಿಲ್ಲ.”

ಅವರನ್ನು ಬಸ್ಸಿನವರೆಗೆ ಬಿಟ್ಟು ಬಾ ಎಂದು ನನಗೆ ಹೇಳಿದರು. ನಾನು ಚಪ್ಪಲಿ ಮೆಟ್ಟಿ, ಅವರ ಕೊಡೆಯನ್ನು ನನ್ನ ಕೈಗೆ ತೆಗೆದುಕೊಂಡು ಜೊತೆಗೆ ನಡೆದೆ.